ವಿಶ್ವದ ಅಗೋಚರ ದ್ರವ್ಯ: ಊಹೆಗಳ ಇತಿಹಾಸ

ವಿಶ್ವದಲ್ಲಿರುವ ಒಟ್ಟು ದ್ರವ್ಯದ ಆರು ಪಾಲುಗಳಲ್ಲಿ ಸುಮಾರು ಐದು ಪಾಲು ಯಾವುದರಿಂದ ಆಗಿದೆಯೆಂಬುದು ಇಂದಿಗೂ ನಿರ್ಣಯವಾಗಿಲ್ಲ. ನಕ್ಷತ್ರ, ಗ್ರಹ, ಅನಿಲ, ಧೂಳು, ಕಲ್ಲು, ನೀರು, ಮನುಷ್ಯಶರೀರ ಇವೆಲ್ಲವೂ ಉಳಿದ ಒಂದು ಪಾಲಿನೊಳಗೆ ಅಡಗುತ್ತವೆ. ಆ ಐದು ಪಾಲು ಬೆಳಕನ್ನು ಬೀರುವುದಿಲ್ಲ, ಹೀರುವುದಿಲ್ಲ, ಚದುರಿಸುವುದೂ ಇಲ್ಲ. ತನ್ನ ಗುರುತ್ವಾಕರ್ಷಣದಿಂದ ಮಾತ್ರ ತನ್ನ ಇರವನ್ನು ತಿಳಿಯಗೊಡುತ್ತದೆ. ಇದಕ್ಕೆ ಪಾಶ್ಚಾತ್ಯರಲ್ಲಿ ಡಾರ್ಕ್ ಮ್ಯಾಟರ್ ಎಂಬ ಹೆಸರು ರೂಢವಾಗಿದೆ. ಕನ್ನಡದಲ್ಲಿ ಕಪ್ಪು ದ್ರವ್ಯ, ಕೃಷ್ಣದ್ರವ್ಯ ಎಂಬ ರೂಪಗಳು ಬಳಕೆಯಲ್ಲಿವೆ. ಆದರೆ ಮಸಿ ಕಪ್ಪಗೆ ಕಾಣುವುದು ಅದು ಬೆಳಕನ್ನು ಹೀರಿಕೊಳ್ಳುವುದರಿಂದ. ಪ್ರಕೃತ ದ್ರವ್ಯವಾದರೋ ಬೆಳಕಿನ ದಾರಿಗೆ ಅಡ್ಡಬಂದು ಅದನ್ನು ತಡೆಯುವುದೇ ಇಲ್ಲ. ಆದುದರಿಂದ ಅದು ಕಪ್ಪಲ್ಲ, ಪಾರದರ್ಶಕ. ಅಗೋಚರ ದ್ರವ್ಯವೆಂಬ ಹೆಸರೇ ಅದಕ್ಕೆ ಹೆಚ್ಚು ಒಪ್ಪುತ್ತದೆ.

ಈ ದ್ರವ್ಯದ ವಿಷಯದಲ್ಲಿ ವಾಡಿಕೆಯಾಗಿರುವ ಕಥೆ ಬಹು ಸರಳವಾದುದು. ೧೯೩೩ರಲ್ಲಿ ಫ್ರಿಟ್ಜ್ ಜ್ವಿಕಿ ಎಂಬವರು ಇದನ್ನು ಕಂಡುಹಿಡಿದರು, ಯಾರೂ ನಂಬಲಿಲ್ಲ. ೧೯೭೦ರ ದಶಕದಲ್ಲಿ ವೆರಾ ರೂಬಿನ್ ಅವರು ಸ್ಥಿರಪಡಿಸಿದರು, ಎಲ್ಲರೂ ನಂಬಿದರು. ಈ ಕಥೆಯಲ್ಲಿ ಸುಳ್ಳಿಗಿಂತ ಲೋಪ ಹೆಚ್ಚು. ಕಾಣದ ದ್ರವ್ಯದ ಊಹೆ ಜ್ವಿಕಿಗಿಂತ ಹಳೆಯದು. ಅದರ ಸ್ಥಾಪನೆಯಲ್ಲಿ ಹಲವು ದೇಶಗಳ ವಿದ್ವಾಂಸರ ಕೈಯಿದೆ. ಅದರ ಸ್ವರೂಪದ ವಿಚಾರದಲ್ಲಿ ಭಾರತೀಯರ ಪಾಲೂ ಇದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಕಾಣದುದನ್ನು ಇದೆಯೆಂದು ಹೇಳುವ ವಿಜ್ಞಾನಿಗೂ, ಕಾಣದುದನ್ನು ನಂಬೆನ್ನುವ ಅಂಧಶ್ರದ್ಧೆಗೂ ಇರುವ ವ್ಯತ್ಯಾಸವೇನು? ಊಹೆಗಳು ಹುಟ್ಟಿದ ಮತ್ತು ಬಿದ್ದ ಕ್ರಮವನ್ನು ಕಾಲಾನುಕ್ರಮದಲ್ಲಿ ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

೧. ಎರಡು ಪೂರ್ವನಿದರ್ಶನಗಳು

ಗುರುತ್ವದ ಲೆಕ್ಕದಿಂದ ಕಾಣದ ಕಾಯವನ್ನು ಸಾಧಿಸುವ ಮಾರ್ಗ ೧೯ನೆಯ ಶತಮಾನದಲ್ಲಿಯೇ ಸಿದ್ಧವಾಗಿತ್ತು. ಆಕಾಶದಲ್ಲಿ ಎಲ್ಲಕ್ಕಿಂತ ಉಜ್ವಲವಾದ ಲುಬ್ಧಕ ನಕ್ಷತ್ರದ ಚಲನೆ ನೇರವಾಗಿಲ್ಲ, ಅಲೆಯಂತೆ ಬಳುಕುತ್ತದೆ ಎಂಬುದನ್ನು ಜರ್ಮನಿಯ ಬೆಸೆಲ್ ಗಮನಿಸಿ, ಅದಕ್ಕೆ ಕಾಣದ ಜೊತೆಗಾರನೊಂದು ಇರಬೇಕೆಂದು ೧೮೪೪ರಲ್ಲಿ ಸಾರಿದರು. ೧೮೬೨ರಲ್ಲಿ ಅಮೆರಿಕದ ಆಲ್ವನ್ ಗ್ರಹಾಮ್ ಕ್ಲಾರ್ಕ್ ಹೊಸ ದೂರದರ್ಶಕವೊಂದನ್ನು ಪರೀಕ್ಷಿಸುತ್ತಿದ್ದಾಗ ಆ ಜೊತೆಗಾರ ಕಣ್ಣಿಗೆ ಬಿತ್ತು. ಇದರ ನಡುವೆ, ಯುರೇನಸ್ ಗ್ರಹ ಲೆಕ್ಕದ ದಾರಿಯಿಂದ ಸರಿಯುತ್ತಿರುವುದಕ್ಕೆ ಇನ್ನೊಂದು ಗ್ರಹವೇ ಕಾರಣವೆಂದು ಫ್ರಾನ್ಸಿನ ಲೆವೆರಿಯೆ ಮತ್ತು ಇಂಗ್ಲೆಂಡಿನ ಆಡಮ್ಸ್ ಬೇರೆಬೇರೆಯಾಗಿ ಗಣಿಸಿದರು. ಲೆವೆರಿಯೆ ಸೂಚಿಸಿದ ಜಾಗದ ಹತ್ತಿರದಲ್ಲಿಯೇ, ೧೮೪೬ರ ಸೆಪ್ಟೆಂಬರ್ ೨೩ರ ರಾತ್ರಿ, ಬರ್ಲಿನ್ನಿನ ಗಾಲೆಯವರಿಗೆ ನೆಪ್ಚೂನ್ ಕಾಣಿಸಿತು.

ಈ ಜಯದ ಬಲದಿಂದ ಲೆವೆರಿಯೆ ಬುಧಗ್ರಹದ ಕಡೆಗೆ ತಿರುಗಿದರು. ಬುಧನ ಕಕ್ಷೆ ನ್ಯೂಟನ್ನರ ನಿಯಮ ಹೇಳುವುದಕ್ಕಿಂತ ತುಸು ಹೆಚ್ಚಾಗಿ ತಿರುಗುತ್ತದೆ. ಆ ಹೆಚ್ಚಳ ನೂರು ವರ್ಷಕ್ಕೆ ಸುಮಾರು ೪೩ ವಿಕಲೆ. ಸೂರ್ಯನ ಸಮೀಪದಲ್ಲಿ ಕಾಣದ ದ್ರವ್ಯವಿರಬೇಕೆಂದು ಅವರು ೧೮೫೯ರಲ್ಲಿ ಊಹಿಸಿದರು. ಆ ಕಲ್ಪಿತ ಗ್ರಹಕ್ಕೆ ವಲ್ಕನ್ ಎಂಬ ನಾಮಕರಣವೂ ಆಯಿತು. ೧೮೭೮ರ ಸೂರ್ಯಗ್ರಹಣದಲ್ಲಿ ಅದನ್ನು ಕಂಡೆವೆಂದು ಹೇಳಿದವರೂ ಇದ್ದರು. ಆದರೆ ವಲ್ಕನ್ ಇರಲಿಲ್ಲ. ೧೯೧೫ರ ನವೆಂಬರಿನಲ್ಲಿ ಐನ್‌ಸ್ಟೈನ್ ತಮ್ಮ ಹೊಸ ಗುರುತ್ವ ಸಿದ್ಧಾಂತದಿಂದ ಆ ೪೩ ವಿಕಲೆಗಳನ್ನೂ ಲೆಕ್ಕಕ್ಕೆ ತಂದರು. ತಿದ್ದುಪಡಿ ಬೇಕಾಗಿದ್ದುದು ಗ್ರಹಗಳ ಪಟ್ಟಿಗಲ್ಲ, ನಿಯಮಕ್ಕೆ.

ಕೈಯಲ್ಲಿರುವ ನಗದಿಗೂ ಖಾತೆಯ ಶಿಲ್ಕಿಗೂ ತಾಳೆ ಬೀಳದಿದ್ದಾಗ ಎರಡು ಬಗೆಯ ಕಾರಣಗಳಿರಬಹುದು: ಎಲ್ಲಿಯೋ ಒಂದು ಬಾಬು ನಮೂದಾಗದೆ ಉಳಿದಿರಬೇಕು, ಇಲ್ಲವೇ ಲೆಕ್ಕ ಹಾಕುವ ಕ್ರಮದಲ್ಲಿಯೇ ದೋಷವಿರಬೇಕು. ನೆಪ್ಚೂನ್ ಮೊದಲನೆಯದಕ್ಕೆ, ವಲ್ಕನ್ ಎರಡನೆಯದಕ್ಕೆ ನಿದರ್ಶನ. ಎರಡರಲ್ಲಿಯೂ ಗಣಿತಜ್ಞ ಒಬ್ಬರೇ, ತರ್ಕವೂ ಒಂದೇ. ಫಲ ಮಾತ್ರ ಬೇರೆ. ಅಗೋಚರ ದ್ರವ್ಯದ ವಾದವೆಲ್ಲ ಈ ಎರಡು ನಿದರ್ಶನಗಳ ನಡುವೆಯೇ ನಡೆದುಬಂದಿದೆ.

೨. ಕೆಲ್ವಿನ್ನರಿಂದ ಊರ್ಟ್‌ವರೆಗೆ

ನಮ್ಮ ಆಕಾಶಗಂಗೆಯ ನಕ್ಷತ್ರಗಳನ್ನು ಅನಿಲದ ಅಣುಗಳಂತೆ ಭಾವಿಸಿ, ಅವುಗಳ ವೇಗದಿಂದ ಒಟ್ಟು ದ್ರವ್ಯವನ್ನು ಗಣಿಸಬಹುದೆಂಬ ವಿಚಾರ ಲಾರ್ಡ್ ಕೆಲ್ವಿನ್ನರದು. ೧೮೮೪ರಲ್ಲಿ ಬಾಲ್ಟಿಮೋರಿನಲ್ಲಿ ಅವರು ಮಾಡಿದ ಉಪನ್ಯಾಸಗಳು ಪರಿಷ್ಕೃತವಾಗಿ ೧೯೦೪ರಲ್ಲಿ ಪ್ರಕಟವಾದಾಗ, ನಕ್ಷತ್ರಗಳಲ್ಲಿ ಬಹುಭಾಗ ಬೆಳಕಿಲ್ಲದ ಕಾಯಗಳಾಗಿರಬಹುದೆಂಬ ಮಾತು ಅದರಲ್ಲಿತ್ತು. ಫ್ರಾನ್ಸಿನ ಮಹಾಗಣಿತಜ್ಞ ಆನ್ರಿ ಪ್ವಾಂಕಾರೆ ಇದನ್ನು ೧೯೦೬ರಲ್ಲಿ ಪರಿಶೀಲಿಸಿ, ವೇಗದಿಂದ ಬರುವ ಮೊತ್ತವೂ ದೂರದರ್ಶಕದಿಂದ ಎಣಿಸಿದ ಮೊತ್ತವೂ ಹೆಚ್ಚುಕಡಮೆ ಸರಿಹೊಂದುವುದರಿಂದ, ಅಂತಹ ದ್ರವ್ಯ ಇಲ್ಲ ಅಥವಾ ಹೊಳೆಯುವ ದ್ರವ್ಯದಷ್ಟು ಇಲ್ಲವೆಂದು ತೀರ್ಮಾನಿಸಿದರು. ‘ಕತ್ತಲ ದ್ರವ್ಯ’ ಎಂಬ ಅರ್ಥದ ಫ್ರೆಂಚ್ ಮಾತು ಆ ಚರ್ಚೆಯಲ್ಲಿಯೇ ಬಂದಿದೆ. ಹೀಗೆ ಆ ಹೆಸರು ವೈಜ್ಞಾನಿಕ ಸಾಹಿತ್ಯಕ್ಕೆ ಪ್ರವೇಶಿಸಿದ್ದು ನಿರಾಕರಣೆಯ ಸಂದರ್ಭದಲ್ಲಿ ಎಂಬುದು ಗಮನಾರ್ಹ.

೧೯೨೨ರಲ್ಲಿ ಹಾಲೆಂಡಿನ ಯಾಕೋಬಸ್ ಕಾಪ್ಟೈನ್ ಅದೇ ಮಾತನ್ನು ಇಂಗ್ಲಿಷಿನಲ್ಲಿ ಬಳಸಿ, ನಕ್ಷತ್ರಗಳ ಚಲನೆಯಿಂದ ಅದರ ಪ್ರಮಾಣವನ್ನು ಅಳೆಯುವ ವಿಧಾನವನ್ನು ತೋರಿಸಿದರು. ೧೯೩೨ರಲ್ಲಿ ಅವರ ಶಿಷ್ಯರಾದ ಯಾನ್ ಊರ್ಟ್ ಸೂರ್ಯನ ನೆರೆಹೊರೆಯ ನಕ್ಷತ್ರಗಳನ್ನು ಪರೀಕ್ಷಿಸಿ ಆ ಲೆಕ್ಕವನ್ನು ಮುಂದುವರಿಸಿದರು. ಕಾಣದ ದ್ರವ್ಯ ಕಾಣುವ ದ್ರವ್ಯವನ್ನು ಮೀರಿರಲಾರದೆಂಬುದು ಅವರ ಅಭಿಪ್ರಾಯ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇವರೆಲ್ಲರ ಮನಸ್ಸಿನಲ್ಲಿದ್ದುದು ಆರಿಹೋದ ನಕ್ಷತ್ರಗಳು, ಮಂದವಾದ ನಕ್ಷತ್ರಗಳು, ಧೂಳು, ಉಲ್ಕೆಗಳು. ಎಂದರೆ ಪರಿಚಿತವಾದ ದ್ರವ್ಯವೇ, ಬೆಳಕು ಸಾಲದುದು ಅಷ್ಟೆ. ಅಪರಿಚಿತವಾದ ಬೇರೆ ಜಾತಿಯ ದ್ರವ್ಯದ ಕಲ್ಪನೆ ಇನ್ನೂ ಯಾರಿಗೂ ಬಂದಿರಲಿಲ್ಲ.

೩. ಜ್ವಿಕಿಯವರ ಲೆಕ್ಕ

ಫ್ರಿಟ್ಜ್ ಜ್ವಿಕಿ ೧೮೯೮ರಲ್ಲಿ ಬಲ್ಗೇರಿಯದ ವರ್ನಾದಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡಿನಲ್ಲಿ ಓದಿ, ೧೯೨೫ರಿಂದ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದವರು. ಕೋಮಾ ಎಂಬ ಗೆಲಕ್ಸಿಗುಚ್ಛವನ್ನು ಅವರು ವಿಚಾರಕ್ಕೆ ತೆಗೆದುಕೊಂಡರು. ಅದರಲ್ಲಿ ೮೦೦ ಗೆಲಕ್ಸಿಗಳಿವೆ, ಒಂದೊಂದರಲ್ಲಿಯೂ ೧೦೦ ಕೋಟಿ ಸೂರ್ಯರಷ್ಟು ದ್ರವ್ಯವಿದೆಯೆಂದು ಎಣಿಸಿದರೆ, ಅವುಗಳ ಪರಸ್ಪರ ವೇಗ ಸೆಕೆಂಡಿಗೆ ೮೦ ಕಿಲೋಮೀಟರಿನ ಸುತ್ತಮುತ್ತ ಇರತಕ್ಕದ್ದು. ರೋಹಿತದರ್ಶಕ ತೋರಿಸಿದ ವೇಗ ೧,೦೦೦ ಕಿಲೋಮೀಟರಿಗೂ ಮಿಕ್ಕದ್ದು. ಇಷ್ಟು ರಭಸದಿಂದ ಓಡುವ ಗೆಲಕ್ಸಿಗಳು ಎಂದೋ ಚೆದುರಿಹೋಗಬೇಕಾಗಿತ್ತು. ಅವು ಒಟ್ಟಾಗಿ ಉಳಿದಿರಬೇಕಾದರೆ ಕಾಣುವ ದ್ರವ್ಯದ ೪೦೦ ಪಟ್ಟು ದ್ರವ್ಯ ಅಲ್ಲಿರಬೇಕೆಂದು ೧೯೩೩ರಲ್ಲಿ ಜರ್ಮನ್ ಭಾಷೆಯ ಪ್ರಬಂಧದಲ್ಲಿ ಅವರು ಬರೆದರು. ೧೯೩೬ರಲ್ಲಿ ಸಿಂಕ್ಲೇರ್ ಸ್ಮಿತ್ ಕನ್ಯಾರಾಶಿಯ ಗುಚ್ಛದಲ್ಲಿಯೂ ಇದೇ ಬಗೆಯ ಕೊರತೆಯನ್ನು ಕಂಡರು.

ಜ್ವಿಕಿಯವರ ಮಾತು ಬಹುಕಾಲ ಮೂಲೆಗೆ ಬಿದ್ದುದಕ್ಕೆ ಅವರ ಒರಟು ಸ್ವಭಾವವೇ ಕಾರಣವೆಂದು ಹೇಳುವುದುಂಟು. ಇದು ಅರ್ಧಸತ್ಯ. ಅಂದಿನ ಲೆಕ್ಕದ ಅಂಗಗಳೇ ದುರ್ಬಲವಾಗಿದ್ದವು. ಅವರು ಆಧಾರವಾಗಿಟ್ಟುಕೊಂಡ ಹಬಲ್ಲರ ದೂರಮಾಪನ ಇಂದಿನದಕ್ಕಿಂತ ಸುಮಾರು ಎಂಟು ಪಟ್ಟು ಚಿಕ್ಕದು. ಅದನ್ನು ತಿದ್ದಿದಾಗ ೪೦೦ರ ಪ್ರಮಾಣ ಬಹಳಷ್ಟು ಇಳಿಯಿತು. ೧೯೭೦ರ ದಶಕದ ಆರಂಭದಲ್ಲಿ ಉಹುರು ಉಪಗ್ರಹ ಕೋಮಾ ಗುಚ್ಛದಿಂದ ಬರುವ ಕ್ಷಕಿರಣಗಳನ್ನು ಗುರುತಿಸಿತು. ಅಲ್ಲಿ ಕೋಟ್ಯಂತರ ಡಿಗ್ರಿ ಉಷ್ಣತೆಯ ಅನಿಲವಿದೆಯೆಂದೂ ಅದರ ಭಾರ ಎಲ್ಲ ನಕ್ಷತ್ರಗಳ ಭಾರವನ್ನು ಹಲವು ಪಟ್ಟು ಮೀರುವುದೆಂದೂ ಕ್ರಮೇಣ ತಿಳಿದುಬಂತು. ಜ್ವಿಕಿ ಹುಡುಕಿದ ದ್ರವ್ಯದ ಒಂದಂಶ ಹೀಗೆ ಸಾಧಾರಣ ಅನಿಲವೇ ಆಗಿತ್ತು. ಆದರೂ ಅದನ್ನೆಲ್ಲ ಜಮಾ ಹಿಡಿದ ಮೇಲೂ ಕೊರತೆ ಉಳಿದೇ ಇದೆ. ಅವರ ಅಂಕಿ ತಪ್ಪಾಗಿತ್ತು, ತರ್ಕ ತಪ್ಪಾಗಿರಲಿಲ್ಲ.

ಈ ಕೊರತೆಯನ್ನು ಬೇರೆ ರೀತಿಯಲ್ಲಿ ಪರಿಹರಿಸಿದವರೂ ಇದ್ದರು. ಸೋವಿಯತ್ ಆರ್ಮೇನಿಯದ ಅಂಬಾರ್ಟ್ಸುಮಿಯನ್, ಗುಚ್ಛಗಳು ನಿಜವಾಗಿಯೂ ಒಡೆದು ಚೆದುರುತ್ತಿವೆ, ಆದ್ದರಿಂದ ಹೆಚ್ಚಿನ ದ್ರವ್ಯದ ಅಗತ್ಯವಿಲ್ಲವೆಂದು ೧೯೫೦ರ ದಶಕದಲ್ಲಿ ವಾದಿಸಿದರು. ೧೯೬೧ರಲ್ಲಿ ಸಾಂತಾ ಬಾರ್ಬರಾದಲ್ಲಿ ಈ ಪ್ರಶ್ನೆಗಾಗಿಯೇ ಒಂದು ಸಮ್ಮೇಳನ ಸೇರಿತು. ಗೆಲಕ್ಸಿಗಳ ವಯಸ್ಸಿಗೆ ಹೋಲಿಸಿದರೆ ಗುಚ್ಛಗಳು ಚೆದುರಲು ಬೇಕಾದ ಕಾಲ ತೀರ ಅಲ್ಪವಾದುದರಿಂದ, ಇಷ್ಟೊಂದು ಗುಚ್ಛಗಳು ಇಂದು ಉಳಿದಿರುವುದೇ ಆ ವಾದಕ್ಕೆ ಪ್ರತಿಕೂಲವಾಯಿತು.

೪. ತಿರುಗುವ ಗೆಲಕ್ಸಿಗಳು

ಸೌರವ್ಯೂಹದಲ್ಲಿ ಸೂರ್ಯನಿಗೆ ಹತ್ತಿರವಿರುವ ಬುಧ ಸೆಕೆಂಡಿಗೆ ಸುಮಾರು ೪೭ ಕಿಲೋಮೀಟರು ವೇಗದಲ್ಲಿ ಓಡಿದರೆ, ದೂರದ ನೆಪ್ಚೂನಿನ ವೇಗ ಐದೂವರೆ ಕಿಲೋಮೀಟರಿಗೂ ಕಡಿಮೆ. ಭಾರವೆಲ್ಲ ನಡುವಿನಲ್ಲಿರುವಾಗ ಅಂಚಿಗೆ ಹೋದಂತೆ ವೇಗ ತಗ್ಗಬೇಕು. ಗೆಲಕ್ಸಿಯಲ್ಲಿಯೂ ಬೆಳಕು ನಡುವಿನಲ್ಲಿ ದಟ್ಟವಾಗಿದೆ. ದ್ರವ್ಯವೂ ಹಾಗೆಯೇ ಇದ್ದರೆ ಅಂಚಿನ ನಕ್ಷತ್ರಗಳು ನಿಧಾನವಾಗಿ ಸುತ್ತಬೇಕು. ದೇವಯಾನಿ ಗೆಲಕ್ಸಿಯಲ್ಲಿ ಹೀಗಾಗುವುದಿಲ್ಲವೆಂಬ ಸೂಚನೆ ೧೯೩೯ರಲ್ಲಿಯೇ ಹೊರೇಸ್ ಬ್ಯಾಬ್‌ಕಾಕ್ ಅವರಿಗೆ ದೊರೆತಿತ್ತು. ೧೯೭೦ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್, ಫೋರ್ಡ್ ನಿರ್ಮಿಸಿದ ಸೂಕ್ಷ್ಮವಾದ ರೋಹಿತಲೇಖಕದಿಂದ ದೇವಯಾನಿಯ ೬೭ ಅನಿಲಪ್ರದೇಶಗಳ ವೇಗವನ್ನು ಅಳೆದರು. ಅಂಚಿನಲ್ಲಿ ನಿರೀಕ್ಷಿಸಿದಂತೆ ವೇಗ ಕುಸಿಯಲಿಲ್ಲ.

ಆ ಪ್ರಬಂಧದಲ್ಲಿ ಅಗೋಚರ ದ್ರವ್ಯದ ಪ್ರಸ್ತಾಪವಿಲ್ಲ. ಅಳೆದುದಕ್ಕಿಂತ ಮುಂದೆ ಹೋಗಲು ಅದರ ಲೇಖಕರು ಒಪ್ಪಲಿಲ್ಲ. ಅದೇ ವರ್ಷ ಆಸ್ಟ್ರೇಲಿಯದ ಕೆನ್ ಫ್ರೀಮನ್, ಕೆಲವು ಗೆಲಕ್ಸಿಗಳ ಅಂಚಿನಲ್ಲಿ ಕಾಣದ ದ್ರವ್ಯವಿದ್ದಿರಬೇಕೆಂದು ಬರೆದರು. ಹೈಡ್ರೊಜನ್ ಅನಿಲ ಬೀರುವ ೨೧ ಸೆಂಟಿಮೀಟರಿನ ರೇಡಿಯೊ ತರಂಗಗಳಿಂದ ಮಾರ್ಟನ್ ರಾಬರ್ಟ್ಸ್, ಅನಂತರ ೧೯೭೮ರಲ್ಲಿ ಗ್ರೋನಿಂಗನ್ನಿನ ಆಲ್ಬರ್ಟ್ ಬೋಸ್ಮಾ, ನಕ್ಷತ್ರಗಳು ಮುಗಿದ ಮೇಲೂ ಬಹುದೂರದವರೆಗೆ ವೇಗ ಸಮನಾಗಿಯೇ ಸಾಗುವುದನ್ನು ತೋರಿಸಿದರು. ೧೯೭೩ರಲ್ಲಿ ಪ್ರಿನ್ಸ್‌ಟನ್ನಿನ ಒಸ್ಟ್ರೈಕರ್ ಮತ್ತು ಪೀಬಲ್ಸ್, ತೆಳುವಾದ ಚಕ್ರದಂತಹ ಗೆಲಕ್ಸಿ ಸ್ಥಿರವಾಗಿ ನಿಲ್ಲಬೇಕಾದರೆ ಅದರ ಸುತ್ತ ಭಾರವಾದ ಪರಿವೇಷವಿರಬೇಕೆಂದು ಗಣಿಸಿದರು. ೧೯೭೪ರಲ್ಲಿ ಅವರೂ, ಅವರಿಂದ ಬೇರೆಯಾಗಿ ಎಸ್ಟೋನಿಯದ ಟಾರ್ಟು ವೀಕ್ಷಣಾಲಯದ ಯಾನ್ ಐನಾಸ್ಟೊ ಮತ್ತು ಸಂಗಡಿಗರೂ, ಗೆಲಕ್ಸಿಗಳ ಭಾರ ತಿಳಿದುದಕ್ಕಿಂತ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚೆಂದು ಪ್ರಕಟಿಸಿದರು. ೧೯೮೦ರಲ್ಲಿ ರೂಬಿನ್, ಫೋರ್ಡ್ ಮತ್ತು ಥೊನಾರ್ಡ್ ೨೧ ಸುರುಳಿ ಗೆಲಕ್ಸಿಗಳನ್ನು ಅಳೆದು ಪ್ರಕಟಿಸಿದ ಮೇಲೆ ಸಂಶಯಕ್ಕೆ ಹೆಚ್ಚು ಅವಕಾಶ ಉಳಿಯಲಿಲ್ಲ.

ರೂಬಿನ್ ಅವರ ಸಾಧನೆಯನ್ನು ಇದರಿಂದ ಕಿರಿದುಮಾಡಿದಂತಾಗಲಿಲ್ಲ. ಪ್ರಿನ್ಸ್‌ಟನ್ನಿನ ಖಗೋಲವಿಜ್ಞಾನದ ಸ್ನಾತಕೋತ್ತರ ವಿಭಾಗ ೧೯೭೫ರವರೆಗೆ ಸ್ತ್ರೀಯರನ್ನು ಸೇರಿಸಿಕೊಳ್ಳದಿದ್ದ ಕಾಲ ಅದು. ಪಾಲೊಮಾರ್ ವೀಕ್ಷಣಾಲಯದಲ್ಲಿ ಅಧಿಕೃತವಾಗಿ ವೀಕ್ಷಣೆಗೆ ಅನುಮತಿ ಪಡೆದ ಮೊದಲ ಮಹಿಳೆ ಅವರು, ಅದೂ ೧೯೬೫ರಲ್ಲಿ. ವಿಶ್ವವಿಜ್ಞಾನದ ಸಿದ್ಧಾಂತಗಳಿಗಾಗಿ ಪೀಬಲ್ಸ್ ಅವರಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ೨೦೧೬ರಲ್ಲಿ ತೀರಿಕೊಂಡ ರೂಬಿನ್ ಅವರಿಗೆ ಅದು ದೊರೆಯಲಿಲ್ಲ.

೫. ಮೊದಲನೆಯ ಊಹೆ: ಪರಿಚಿತ ದ್ರವ್ಯ

ದ್ರವ್ಯವಿದೆಯೆಂದು ಒಪ್ಪಿದ ಮೇಲೆ ಅದು ಏನೆಂಬ ಪ್ರಶ್ನೆ ಏಳುತ್ತದೆ. ಸಹಜವಾದ ಉತ್ತರವೆಂದರೆ ಮಂದ ನಕ್ಷತ್ರಗಳು, ಒಂಟಿ ಗ್ರಹಗಳು, ಸತ್ತ ನಕ್ಷತ್ರಗಳು, ಕೃಷ್ಣವಿವರಗಳು. ಇಂತಹ ಕಾಯವೊಂದು ದೂರದ ನಕ್ಷತ್ರದ ಮುಂದೆ ಹಾದುಹೋದರೆ, ಅದರ ಗುರುತ್ವ ಮಸೂರದಂತೆ ಕೆಲಸ ಮಾಡಿ ಆ ನಕ್ಷತ್ರದ ಬೆಳಕನ್ನು ಕೆಲವು ದಿನ ಅಥವಾ ವಾರಗಳ ಕಾಲ ಹೆಚ್ಚಿಸುತ್ತದೆ. ಪೋಲೆಂಡಿನ ಬೊಹ್ದಾನ್ ಪಚಿನ್ಸ್ಕಿ ೧೯೮೬ರಲ್ಲಿ ಈ ಪರೀಕ್ಷೆಯನ್ನು ಸೂಚಿಸಿದರು. ಹಿರಿಯ ಮೆಗಲನ್ ಮೇಘದ ಲಕ್ಷಾಂತರ ನಕ್ಷತ್ರಗಳನ್ನು ರಾತ್ರಿ ರಾತ್ರಿಯೂ ಗಮನಿಸಿದ ಎರಡು ತಂಡಗಳು ೧೯೯೩ರಲ್ಲಿ ಮೊದಲ ಘಟನೆಗಳನ್ನು ವರದಿಮಾಡಿದವು. ಆದರೆ ಸಂಖ್ಯೆ ಸಾಲಲಿಲ್ಲ. ನಮ್ಮ ಆಕಾಶಗಂಗೆಯ ಪರಿವೇಷದಲ್ಲಿ ಇಂತಹ ಕಾಯಗಳ ಪಾಲು ನೂರಕ್ಕೆ ೮ನ್ನು ಮೀರದೆಂದು ಫ್ರೆಂಚ್ ತಂಡ ೨೦೦೭ರಲ್ಲಿ ತೀರ್ಮಾನಿಸಿತು.

ಇದಕ್ಕೆ ಪೋಷಕವಾಗಿ ಇನ್ನೊಂದು ಸಾಕ್ಷ್ಯವಿತ್ತು. ವಿಶ್ವದ ಮೊದಲ ಕೆಲವು ನಿಮಿಷಗಳಲ್ಲಿ ಹುಟ್ಟಿದ ಡ್ಯೂಟೀರಿಯಮ್ಮಿನ ಪ್ರಮಾಣ, ಆಗ ಎಷ್ಟು ಸಾಧಾರಣ ದ್ರವ್ಯವಿತ್ತೆಂಬುದನ್ನು ಅವಲಂಬಿಸಿದೆ. ಇಂದು ಕಾಣುವ ಡ್ಯೂಟೀರಿಯಮ್ಮಿನಿಂದ ಹಿಂದಕ್ಕೆ ಗಣಿಸಿದರೆ ಸಾಧಾರಣ ದ್ರವ್ಯ ಒಟ್ಟು ದ್ರವ್ಯದ ಒಂದು ಸಣ್ಣ ಪಾಲಿಗಿಂತ ಹೆಚ್ಚಾಗಲಾರದು. ಹೀಗೆ, ಕಾಣದುದು ಪರಿಚಿತ ಜಾತಿಯದಲ್ಲವೆಂಬ ಕಠಿನವಾದ ನಿರ್ಣಯಕ್ಕೆ ವಿಜ್ಞಾನ ಬಂದು ನಿಂತಿತು.

೬. ನ್ಯೂಟ್ರಿನೊ ಮತ್ತು ಕೋಲಾರ

ಬೆಳಕಿನೊಡನೆ ಸಂಬಂಧವಿಲ್ಲದ ಒಂದು ಕಣ ಮಾತ್ರ ಆಗ ತಿಳಿದಿತ್ತು: ನ್ಯೂಟ್ರಿನೊ. ೧೯೩೦ರಲ್ಲಿ ಪೌಲಿ ಅದನ್ನು ಊಹಿಸಿದರು; ೧೯೫೬ರಲ್ಲಿ ಕೋವನ್ ಮತ್ತು ರೈನ್ಸ್ ಪರಮಾಣು ಸ್ಥಾವರದ ಬಳಿ ಪತ್ತೆಹಚ್ಚಿದರು. ಈ ಕಣದ ಚರಿತ್ರೆಯಲ್ಲಿ ಕನ್ನಡನಾಡಿನ ಹೆಸರು ಶಾಶ್ವತವಾಗಿ ಸೇರಿದೆ. ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ನೆಲಮಟ್ಟದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಗುರುತಿಸಿದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಅವರ ತಂಡವೂ ಹೆಚ್ಚುಕಡಮೆ ಅದೇ ಸಮಯದಲ್ಲಿ ಇದನ್ನು ಸಾಧಿಸಿತು. ಇಷ್ಟು ಆಳಕ್ಕೆ ಇಳಿಯಬೇಕಾದುದು ಏಕೆಂದರೆ, ಆಕಾಶದಿಂದ ಎಡೆಬಿಡದೆ ಸುರಿಯುವ ಇತರ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ. ನ್ಯೂಟ್ರಿನೊ ಮಾತ್ರ ಬಂಡೆಯನ್ನು ಲೆಕ್ಕಿಸದೆ ಹಾದುಬರುತ್ತದೆ.

ನ್ಯೂಟ್ರಿನೊವಿಗೆ ಅಲ್ಪವಾದರೂ ಭಾರವಿದ್ದರೆ ವಿಶ್ವದ ಮೇಲೆ ಅದರ ಪರಿಣಾಮವೇನು? ೧೯೬೬ರಲ್ಲಿ ಮಾಸ್ಕೋದ ಗೆರ್ಷ್ಟೈನ್ ಮತ್ತು ಜೆಲ್ಡೊವಿಚ್ ಈ ಪ್ರಶ್ನೆಯನ್ನೆತ್ತಿದರು. ೧೯೭೨ರಲ್ಲಿ ಟಾಟಾ ಸಂಸ್ಥೆಯ ರಮಾನಾಥ ಕೌಸಿಕ್, ಅಮೆರಿಕದ ಮೆಕ್‌ಕ್ಲೆಲೆಂಡ್ ಅವರೊಡನೆ, ವಿಶ್ವದ ಭಾರದಿಂದಲೇ ನ್ಯೂಟ್ರಿನೊವಿನ ಭಾರಕ್ಕೆ ಮಿತಿ ಹಾಕಿದರು. ೧೯೭೩ರಲ್ಲಿ ಇಬ್ಬರೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗೆಲಕ್ಸಿಗುಚ್ಛಗಳನ್ನು ಬಂಧಿಸಿಟ್ಟ ಕಾಣದ ದ್ರವ್ಯ ಇಂತಹ ನ್ಯೂಟ್ರಿನೊಗಳ ರಾಶಿಯೇ ಆಗಿರಬಹುದೆಂದು ಸೂಚಿಸಿದರು. ಪರಮಾಣುಗಳಿಂದಾಗದ, ಆದಿಕಾಲದ ಶೇಷವಾದ ಕಣಗಳು ಗುಚ್ಛಗಳ ಅಗೋಚರ ದ್ರವ್ಯವಾಗಿರಬಹುದೆಂಬ ವಿಚಾರಕ್ಕೆ ಈ ಪ್ರಬಂಧ ಮೊದಮೊದಲಿನ ಆಧಾರಗಳಲ್ಲೊಂದು. ಕೌಸಿಕ್ ಅವರು ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದರು.

೧೯೮೦ರಲ್ಲಿ ಮಾಸ್ಕೋದ ಒಂದು ತಂಡ ನ್ಯೂಟ್ರಿನೊವಿನ ಭಾರ ಸುಮಾರು ೩೦ ಎಲೆಕ್ಟ್ರಾನ್‌ವೋಲ್ಟ್ ಎಂದು ಸಾರಿದಾಗ ಪ್ರಶ್ನೆ ಬಗೆಹರಿಯಿತೆಂದೇ ತೋರಿತು. ಆದರೆ ಆ ಅಳತೆ ನಿಲ್ಲಲಿಲ್ಲ. ಹಗುರವಾದ ನ್ಯೂಟ್ರಿನೊಗಳು ಆದಿಯಲ್ಲಿ ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುತ್ತಿದ್ದುದರಿಂದ ಸಣ್ಣ ರಾಶಿಗಳಾಗಿ ಕೂಡಲಾರವು. ಅಂತಹ ವಿಶ್ವದಲ್ಲಿ ಮೊದಲು ಮಹಾಗುಚ್ಛಗಳೂ ಅನಂತರ ಅವು ಒಡೆದು ಗೆಲಕ್ಸಿಗಳೂ ಹುಟ್ಟಬೇಕು. ೧೯೮೩ರಲ್ಲಿ ವೈಟ್, ಫ್ರೆಂಕ್ ಮತ್ತು ಡೇವಿಸ್ ಗಣಕಯಂತ್ರದಲ್ಲಿ ಇದನ್ನು ನಡೆಸಿನೋಡಿದಾಗ ಬಂದ ವಿಶ್ವ ಕಣ್ಣಿಗೆ ಕಾಣುವ ವಿಶ್ವದಂತಿರಲಿಲ್ಲ. ೧೯೯೮ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಯೋಗದಿಂದ ನ್ಯೂಟ್ರಿನೊವಿಗೆ ಭಾರವಿದೆಯೆಂಬುದು ಸಿದ್ಧವಾಯಿತು. ಆದರೆ ಅದು ೦.೪೫ ಎಲೆಕ್ಟ್ರಾನ್‌ವೋಲ್ಟಿಗಿಂತ ಕಡಿಮೆಯೆಂದು ಜರ್ಮನಿಯ ಕಾಟ್ರಿನ್ ಪ್ರಯೋಗ ೨೦೨೫ರಲ್ಲಿ ಪ್ರಕಟಿಸಿತು. ಎಂದರೆ ಎಲೆಕ್ಟ್ರಾನಿನ ಭಾರದ ಹತ್ತು ಲಕ್ಷದಲ್ಲಿ ಒಂದಂಶವೂ ಅಲ್ಲ. ನ್ಯೂಟ್ರಿನೊ ಅಗೋಚರ ದ್ರವ್ಯವೇ ಹೌದು, ಆದರೆ ಅದರ ಅತ್ಯಲ್ಪ ಪಾಲು. ಊಹೆ ಬಿದ್ದಿತು, ಊಹೆಯ ದಾರಿ ಉಳಿಯಿತು.

೭. ಶೀತ ದ್ರವ್ಯದ ಶೋಧ

ನ್ಯೂಟ್ರಿನೊವಿನ ವೈಫಲ್ಯದಿಂದ ಒಂದು ಲಕ್ಷಣ ಖಚಿತವಾಯಿತು: ಬೇಕಾದ ಕಣ ನಿಧಾನಗಾಮಿಯಾಗಿರಬೇಕು. ಇದಕ್ಕೆ ಶೀತ ದ್ರವ್ಯವೆಂದು ಹೆಸರಾಯಿತು. ೧೯೮೨ರಲ್ಲಿ ಪೀಬಲ್ಸ್, ೧೯೮೪ರಲ್ಲಿ ಬ್ಲೂಮೆಂಥಾಲ್, ಫೇಬರ್, ಪ್ರಿಮ್ಯಾಕ್ ಮತ್ತು ರೀಸ್ ಇದರ ಮೇಲೆ ಗೆಲಕ್ಸಿಗಳ ಉತ್ಪತ್ತಿಯ ಸಿದ್ಧಾಂತವನ್ನು ಕಟ್ಟಿದರು. ಕಣದ ಸ್ವರೂಪಕ್ಕೆ ಎರಡು ಸೂಚನೆಗಳು ಮುಂದೆ ಬಂದವು. ಮೊದಲನೆಯದು ವಿಂಪ್ ಎಂಬ ಭಾರವಾದ ಕಣ. ಪ್ರೋಟಾನಿನ ನೂರು ಪಟ್ಟಿನ ಆಸುಪಾಸಿನ ಭಾರವುಳ್ಳ, ದುರ್ಬಲ ಬಲದಿಂದ ಮಾತ್ರ ವರ್ತಿಸುವ ಕಣವೊಂದು ಇದ್ದರೆ, ಆದಿಸ್ಫೋಟದ ಶೇಷವಾಗಿ ಉಳಿಯುವ ಅದರ ಪ್ರಮಾಣ ಬೇಕಾದಷ್ಟೇ ಆಗುತ್ತದೆ. ಈ ಹೊಂದಾಣಿಕೆ ಹಲವರನ್ನು ಮರುಳುಮಾಡಿತು. ಎರಡನೆಯದು ಆಕ್ಸಿಯಾನ್. ೧೯೭೭ರಲ್ಲಿ ಪೆಚ್ಚೈ ಮತ್ತು ಕ್ವಿನ್ ಪರಮಾಣುಬೀಜದ ಬಲದ ಒಂದು ತೊಡಕನ್ನು ಬಿಡಿಸಲು ಹೂಡಿದ ವಾದದಿಂದ, ೧೯೭೮ರಲ್ಲಿ ವೈನ್‌ಬರ್ಗ್ ಮತ್ತು ವಿಲ್‌ಜೆಕ್ ಈ ಕಣವನ್ನು ನಿಗಮನ ಮಾಡಿದರು. ಬಟ್ಟೆ ಒಗೆಯುವ ಪುಡಿಯೊಂದರ ಹೆಸರನ್ನು ವಿಲ್‌ಜೆಕ್ ಇದಕ್ಕೆ ಇಟ್ಟರು, ತೊಡಕನ್ನು ತೊಳೆದುದರಿಂದ. ಅಗೋಚರ ದ್ರವ್ಯಕ್ಕೆ ಒಪ್ಪುವ ಆಕ್ಸಿಯಾನಿನ ಭಾರ ಎಲೆಕ್ಟ್ರಾನಿನ ಭಾರದ ಲಕ್ಷ ಕೋಟಿಯಲ್ಲಿ ಕೆಲವೇ ಅಂಶ ಇರಬಹುದು. ಪ್ರಬಲ ಕಾಂತಕ್ಷೇತ್ರದಲ್ಲಿ ಅದು ರೇಡಿಯೊ ತರಂಗವಾಗಿ ಮಾರ್ಪಡಬಹುದೆಂದು ೧೯೮೩ರಲ್ಲಿ ಸಿಕಿವಿ ತೋರಿಸಿದರು. ಆ ಬಗೆಯ ಶೋಧ ಇನ್ನೂ ನಡೆದಿದೆ.

ವಿಂಪನ್ನು ಹಿಡಿಯುವ ಪ್ರಯತ್ನ ಮತ್ತೆ ಗಣಿಗಳಿಗೇ ಇಳಿಯಿತು. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ಜರ್ಮೇನಿಯಮ್ ಸ್ಫಟಿಕದಿಂದ ನಡೆದ ಮೊದಲ ಶೋಧದ ಫಲ ೧೯೮೭ರಲ್ಲಿ ಪ್ರಕಟವಾಯಿತು. ಅದೇ ಗಣಿಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರು ಆಳದಲ್ಲಿ, ೭ ಟನ್ ದ್ರವ ಕ್ಸೆನಾನನ್ನು ಕಾಯುತ್ತ ಕುಳಿತ ಯಂತ್ರ ೨೦೨೨ರಲ್ಲಿ ಮೊದಲ ಫಲಿತಾಂಶವನ್ನು ಕೊಟ್ಟಿತು: ಏನೂ ಸಿಕ್ಕಿಲ್ಲ. ಇಟಲಿಯ ಗ್ರಾನ್ ಸಾಸೊ ಪರ್ವತದಡಿಯಲ್ಲಿ ಒಂದು ತಂಡ ೧೯೯೦ರ ದಶಕದ ಕೊನೆಯಿಂದ, ಋತುವಿಗನುಸಾರ ಏರಿಳಿಯುವ ಸಂಕೇತವನ್ನು ಕಂಡೆವೆಂದು ಹೇಳುತ್ತ ಬಂದಿದೆ. ಅದೇ ಲವಣದ ಸ್ಫಟಿಕಗಳಿಂದ ಸ್ಪೇಯ್ನ್ ಮತ್ತು ಕೊರಿಯಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಅದು ಕಾಣಲಿಲ್ಲ. ಭಾರತದಲ್ಲಿ ಜಾರ್ಖಂಡದ ಜಾದುಗೋಡಾ ಯುರೇನಿಯಮ್ ಗಣಿಯ ೫೫೫ ಮೀಟರು ಆಳದಲ್ಲಿ ೨೦೧೭ರಲ್ಲಿ ಒಂದು ಪ್ರಯೋಗಶಾಲೆ ಆರಂಭವಾಯಿತು. ಕೋಲಾರದ ಗಣಿಯಾದರೋ ೨೦೦೧ರಲ್ಲಿ ಮುಚ್ಚಿತು.

ಇನ್ನೊಂದು ಹಳೆಯ ಊಹೆಯೂ ಮರುಜನ್ಮ ಪಡೆದಿದೆ. ನಕ್ಷತ್ರಗಳಿಗಿಂತ ಮೊದಲೇ, ಆದಿಕಾಲದ ದಟ್ಟಣೆಯಲ್ಲಿಯೇ ಕೃಷ್ಣವಿವರಗಳು ಹುಟ್ಟಿರಬಹುದೆಂದು ೧೯೭೧ರಲ್ಲಿ ಹಾಕಿಂಗ್ ಬರೆದಿದ್ದರು. ೨೦೧೫ರಲ್ಲಿ ಗುರುತ್ವತರಂಗಗಳು ಪತ್ತೆಯಾಗಿ, ಸೂರ್ಯನ ಮೂವತ್ತು ಪಟ್ಟಿನ ಸುಮಾರಿನ ಕೃಷ್ಣವಿವರಗಳು ಡಿಕ್ಕಿಹೊಡೆದುದು ತಿಳಿದಾಗ, ಅವು ಅಂತಹವೇ ಇರಬಹುದೆಂದು ಕೆಲವರು ಊಹಿಸಿದರು. ಬಹುತೇಕ ಭಾರಗಳ ಶ್ರೇಣಿಯಲ್ಲಿ ಈ ಸಾಧ್ಯತೆಗೆ ಮಸೂರಪರೀಕ್ಷೆ ಮೊದಲಾದವು ಬಾಗಿಲು ಹಾಕಿವೆ. ಕ್ಷುದ್ರಗ್ರಹದಷ್ಟು ಭಾರದವುಗಳಿಗೆ ಇನ್ನೂ ತೆರೆದಿದೆ.

೮. ನಿಯಮವನ್ನೇ ತಿದ್ದುವ ವಾದ

ವಲ್ಕನ್ನಿನ ಪಾಠವನ್ನು ನೆನಪಿಸಿದವರು ಇಸ್ರೇಲಿನ ಮೊರ್ಡೆಹಾಯ್ ಮಿಲ್ಗ್ರೋಮ್. ಅತ್ಯಲ್ಪ ವೇಗೋತ್ಕರ್ಷದಲ್ಲಿ ನ್ಯೂಟನ್ನರ ನಿಯಮವೇ ಬದಲಾಗುವುದಾದರೆ ಗೆಲಕ್ಸಿಗಳ ಅಂಚಿನ ವೇಗವನ್ನು ಕಾಣದ ದ್ರವ್ಯವಿಲ್ಲದೆಯೇ ವಿವರಿಸಬಹುದೆಂದು ೧೯೮೩ರಲ್ಲಿ ಅವರು ತೋರಿಸಿದರು. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಒಂದೇ ಒಂದು ಸ್ಥಿರಾಂಕದಿಂದ ನೂರಾರು ಗೆಲಕ್ಸಿಗಳ ತಿರುಗುವ ವೇಗವನ್ನು ಅದು ಚೆನ್ನಾಗಿ ಹೇಳುತ್ತದೆ. ಆದರೆ ಗೆಲಕ್ಸಿಗುಚ್ಛಗಳಲ್ಲಿ ಈ ತಿದ್ದುಪಡಿಯ ಮೇಲೂ ಕೊರತೆ ಉಳಿಯುತ್ತದೆ. ೨೦೦೬ರಲ್ಲಿ ಬುಲೆಟ್ ಎಂಬ ಗುಚ್ಛಯುಗ್ಮದ ವೀಕ್ಷಣೆ ಪ್ರಕಟವಾಯಿತು. ಎರಡು ಗುಚ್ಛಗಳು ಒಂದನ್ನೊಂದು ಹಾದುಹೋದಾಗ ಅವುಗಳ ಅನಿಲ ಘರ್ಷಣೆಯಿಂದ ನಡುವೆ ಹಿಂದುಳಿದಿದೆ. ಸಾಧಾರಣ ದ್ರವ್ಯದ ಬಹುಭಾಗ ಆ ಅನಿಲವೇ. ಆದರೆ ಬೆಳಕು ಬಾಗುವುದರಿಂದ ಅಳೆದ ಗುರುತ್ವದ ಕೇಂದ್ರಗಳು ಅನಿಲದೊಡನಿಲ್ಲ, ಗೆಲಕ್ಸಿಗಳೊಡನೆ ಮುಂದೆ ಸಾಗಿವೆ. ಭಾರ ಒಂದು ಕಡೆ, ಕಾಣುವ ದ್ರವ್ಯ ಇನ್ನೊಂದು ಕಡೆ ಬೇರ್ಪಟ್ಟಿರುವುದನ್ನು ನಿಯಮದ ತಿದ್ದುಪಡಿಯೊಂದರಿಂದಲೇ ವಿವರಿಸುವುದು ಕಷ್ಟ.

ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ವಿಶ್ವದ ಶೈಶವದ್ದು. ೧೯೬೫ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಗುರುತಿಸಿದ ಆದಿವಿಕಿರಣದಲ್ಲಿ ಅತಿ ಸೂಕ್ಷ್ಮವಾದ ಏರಿಳಿತಗಳಿವೆ. ಅವುಗಳನ್ನು ಪ್ಲಾಂಕ್ ಉಪಗ್ರಹ ಅಳೆದು, ೨೦೧೩ ಮತ್ತು ೨೦೧೮ರಲ್ಲಿ ಪ್ರಕಟವಾದ ಲೆಕ್ಕದಂತೆ, ವಿಶ್ವದ ಒಟ್ಟು ಮೊತ್ತದಲ್ಲಿ ನೂರಕ್ಕೆ ಸುಮಾರು ೫ ಸಾಧಾರಣ ದ್ರವ್ಯ, ೨೭ ಅಗೋಚರ ದ್ರವ್ಯ, ಉಳಿದ ೬೮ ಅದಕ್ಕಿಂತಲೂ ನಿಗೂಢವಾದ ಕೃಷ್ಣಶಕ್ತಿ. ಗುಚ್ಛಗಳ ಚಲನೆ, ಗೆಲಕ್ಸಿಗಳ ತಿರುಗುವಿಕೆ, ಬೆಳಕಿನ ಬಾಗುವಿಕೆ, ಡ್ಯೂಟೀರಿಯಮ್ಮಿನ ಪ್ರಮಾಣ, ಆದಿವಿಕಿರಣ: ಪರಸ್ಪರ ಸಂಬಂಧವಿಲ್ಲದ ಈ ಐದು ಖಾತೆಗಳಲ್ಲಿಯೂ ಒಂದೇ ಬಾಬು ನಮೂದಾಗದೆ ಉಳಿದಿರುವಂತೆ ತೋರುತ್ತದೆ. ವಿದ್ವಾಂಸರಲ್ಲಿ ಬಹುಮಂದಿ ನೆಪ್ಚೂನಿನ ಪಕ್ಷದಲ್ಲಿರುವುದು ಇದರಿಂದಲೇ.

೯. ಉಪಸಂಹಾರ

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಾಣದುದನ್ನು ಒಪ್ಪುವುದರಲ್ಲಿ ವಿಜ್ಞಾನಕ್ಕೂ ಅಂಧಶ್ರದ್ಧೆಗೂ ಭೇದವಿಲ್ಲ. ಒಪ್ಪಿದುದನ್ನು ಕೈಬಿಡಲು ಸಿದ್ಧವಾಗಿರುವುದರಲ್ಲಿ ಭೇದವಿದೆ. ಮಂದ ನಕ್ಷತ್ರದ ಊಹೆಯನ್ನು ಮಸೂರಪರೀಕ್ಷೆಗೂ, ನ್ಯೂಟ್ರಿನೊವಿನ ಊಹೆಯನ್ನು ಗಣಕಯಂತ್ರಕ್ಕೂ ತಕ್ಕಡಿಗೂ, ವಿಂಪಿನ ಊಹೆಯನ್ನು ಗಣಿಯಾಳದ ಪಾತ್ರೆಗಳಿಗೂ ಒಪ್ಪಿಸಲಾಯಿತು. ಯಾವ ಫಲ ಬಂದರೆ ಊಹೆ ಬೀಳುವುದೆಂಬುದನ್ನು ಮೊದಲೇ ಹೇಳಿಟ್ಟು, ಆ ಫಲ ಬಂದಾಗ ಅದನ್ನು ಪ್ರಕಟಿಸಲಾಯಿತು. ನಲವತ್ತು ವರ್ಷ ದುಡಿದು ‘ಸಿಕ್ಕಿಲ್ಲ’ ಎಂಬ ಮಾತನ್ನೇ ಅಚ್ಚುಹಾಕಿಸುವುದು ಸಾಮಾನ್ಯ ಪ್ರಾಮಾಣಿಕತೆಯಲ್ಲ. ಹೀಗೆ ಬಿದ್ದ ಪ್ರತಿಯೊಂದು ಊಹೆಯೂ ಮುಂದಿನದರ ಎಲ್ಲೆಯನ್ನು ಕಿರಿದುಮಾಡಿಕೊಟ್ಟಿದೆ.

೨೦೨೩ರ ಜುಲೈಯಲ್ಲಿ ಯೂಕ್ಲಿಡ್ ದೂರದರ್ಶಕ ಬಾಹ್ಯಾಕಾಶಕ್ಕೆ ಏರಿತು. ೨೦೨೫ರ ಜೂನ್ ತಿಂಗಳಲ್ಲಿ ಚಿಲಿ ದೇಶದ ಬೆಟ್ಟವೊಂದರ ಮೇಲಿನ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ಪ್ರಕಟಿಸಿತು. ಅದಕ್ಕೆ ವೆರಾ ರೂಬಿನ್ ಅವರ ಹೆಸರನ್ನು ಇಡಲಾಗಿದೆ. ಅಗೋಚರ ದ್ರವ್ಯ ಎಲ್ಲೆಲ್ಲಿ, ಎಷ್ಟೆಷ್ಟು ಹರಡಿದೆಯೆಂಬುದರ ನಕ್ಷೆಯನ್ನು ಇವೆರಡೂ ಹಿಂದೆಂದೂ ಇಲ್ಲದಷ್ಟು ವಿವರವಾಗಿ ಬರೆಯಲಿವೆ. ಅದು ಏನೆಂಬುದನ್ನು ನಕ್ಷೆಯೊಂದೇ ಹೇಳಲಾರದು. ಆದರೆ ಅದು ಏನಲ್ಲವೆಂಬುದನ್ನು ಇನ್ನಷ್ಟು ಹೇಳಬಲ್ಲದು. ಬೆಸೆಲ್ಲರ ಊಹೆ ನಿಜವಾಗಲು ೧೮ ವರ್ಷ ಬೇಕಾಯಿತು, ವಲ್ಕನ್ನಿನ ಊಹೆ ಬೀಳಲು ೫೬ ವರ್ಷ. ಜ್ವಿಕಿಯವರ ಲೆಕ್ಕ ಹೊರಬಿದ್ದು ತೊಂಬತ್ತು ವರ್ಷಗಳು ಕಳೆದಿವೆ. ಆ ಖಾತೆಯ ಶಿಲ್ಕು ಇನ್ನೂ ತಾಳೆಯಾಗಬೇಕಾಗಿದೆ.